ಮಗನ ಹೆಸರು ಕೂಗಿದ ಶುಕ್ರವಾರ

ಡ್ವೇನ್,

ನಿನ್ನೆ ಕೋಚ್ ಕೊನೆಗೂ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬದಲಾಯಿಸಿದ. ಸೋತು ಸೋತು ಊರಿಗೆ ತಲೆಕೆಟ್ಟಿತ್ತು. ಡೋನಟ್ ಅಂಗಡಿಯಲ್ಲೂ ಚರ್ಚಿನ ಮೆಟ್ಟಿಲ ಮೇಲೂ ಒಂದೇ ಮಾತು: "ಆ ಟ್ರೆಂಟ್‌ನ ಕೂರಿಸಿ, ಡ್ವೇನ್ ಮಗನ್ನ ಆಟಕ್ಕೆ ಇಳಿಸಿ. ಅಪ್ಪನ ಕೈ ಬಂದಿದೆ ಅವನಿಗೆ."

ಕೈ ಮಾತ್ರ ಬಂದಿರಲಿ ದೇವರೇ.

ಟ್ರೆಂಟ್‌ನದೇನು ತಪ್ಪು? ಮುಂದೆ ನಿಂತು ಕಾಯಬೇಕಾದವರೇ ದಾರಿ ಬಿಟ್ಟರೆ ಅವನು ಚೆಂಡು ಎಸೆಯುವುದು ಯಾವಾಗ? ನಿನ್ನೆ ಎದುರಾಳಿಗಳು ಅವನನ್ನು ಕೆಡವಿದ ಸದ್ದು ನಾವು ಕೂತಲ್ಲಿಗೂ ಕೇಳಿಸಿತು. ಜನ ಎದ್ದು "ಕೋಲ್ಬಿ! ಕೋಲ್ಬಿ!" ಅಂತ ಕೂಗಿದರು. ನಮ್ಮ ಕೋಲ್ಬಿ ಬೆರಳು ನೆಕ್ಕಿಕೊಂಡು ಹೆಲ್ಮೆಟ್ ಹಾಕಿಕೊಂಡ, ಥೇಟ್ ನಿನ್ನ ಹಾಗೆ.

ಪಕ್ಕದಲ್ಲಿದ್ದ ಟ್ರೆಂಟ್‌ನ ತಾಯಿ ಲೋರ್ನಾಗೆ ಅವಮಾನವಾಗಿರಬೇಕು ಅಂದುಕೊಂಡೆ. ಅವಳು ಪ್ರತಿ ಆಟದಲ್ಲೂ ಬಿಗಿಯಾಗಿ ಹಿಡಿದಿರುತ್ತಿದ್ದ ನನ್ನ ಕೈ ಬಿಟ್ಟು, ನಿಟ್ಟುಸಿರಿಟ್ಟಳು. "ನನ್ನ ಮಗ ಬಚಾವಾದ ಕಣೆ. ಇನ್ನು ನೀನು ನಡುಗು," ಅಂದಳು.

ಕೋಲ್ಬಿಯನ್ನೂ ಕೆಡವಿದರು. ಎದ್ದ. ಮತ್ತೆ ಕೆಡವಿದರು. ಆದರೂ ಗೆದ್ದೆವು, ಊರ ತುಂಬ ಕಾರುಗಳ ಹಾರ್ನು. ಅವನು ನಗುತ್ತಾ ಬಂದು ತಬ್ಬಿಕೊಂಡ. ಇದೇ ಆಟದಲ್ಲಿ ತಲೆಗೆ ಏಟು ತಿಂದು ತಿಂದು ಎಲ್ಲ ಮರೆತಿದ್ದ ನಿನ್ನನ್ನು ಕೊನೆಕೊನೆಗೆ ದಿನಾ ಬೆಳಿಗ್ಗೆ ಕೇಳುತ್ತಿದ್ದೆನಲ್ಲ, ಅದನ್ನೇ ಅವನನ್ನೂ ಕೇಳಿಬಿಟ್ಟೆ.

"ನನ್ನ ಹೆಸರೇನು?"

"ಅಮ್ಮ!"

"ಅದಲ್ಲ ಮಗಾ, ಹೆಸರು ಹೇಳು."

ಆ ಪ್ರಶ್ನೆ ಕೇಳುತ್ತಲೇ ಬೆಳೆದವನು ಅವನು. ನಗು ಅಲ್ಲೇ ನಿಂತಿತು. ಮೆಲ್ಲಗೆ ಹೇಳಿದ.

ಮುಂದಿನ ಶುಕ್ರವಾರವೂ ಕೇಳುತ್ತೇನೆ.

ನಾನು ನೊರೀನ್. ನಿನ್ನ ಹೆಂಡತಿ.