ಮನೆಯಲ್ಲಿ ಮಾಡಿದ ಲೋಕ

೧೪ ನವೆಂಬರ್ ೧೯೯೯, ಭಾನುವಾರ

ಮೃತ್ಯುಂಜಯನ ಮುಖ ಇನ್ನು ನೋಡಬಾರದು.

ಎರಡು ವರ್ಷದಿಂದ ಭಾನುವಾರ ಬಂತೆಂದರೆ ನಾನು ಕಟ್ಟಿದ ಲೋಕದಲ್ಲೇ ನಮ್ಮ ಆಟ. ಬಾಯಲ್ಲೇ ಕತೆ ಹೇಳುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ; ಕತೆ ನಡೆಸುವವಳು ನಾನು. ಅವನು ಮಾಂತ್ರಿಕನಾಗಿ, ಲಾಸ್ಯ ಯೋಧೆಯಾಗಿ ದಾಳ ಹಾಕುತ್ತಿದ್ದರು. ಇವತ್ತು ಕೃಷ್ಣಮೂರ್ತಿಪುರಂನ ಅವನ ಮನೆಗೆ ಹೋದರೆ ಮೇಜಿನ ಮೇಲೆ ಇಂಥ ಆಟಕ್ಕೆಂದೇ ಅಚ್ಚಾದ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕ. ಒಳಗೆ ಬಣ್ಣದ ಭೂಪಟ, ಸಿದ್ಧ ರಾಜ್ಯಗಳು, ಸಿದ್ಧ ದೇವರುಗಳು.

"ಇನ್ಮೇಲೆ ಇದ್ರಲ್ಲೇ ಆಡೋಣ ಕಣೇ. ನಿಂದು ಎಷ್ಟಾದ್ರೂ ಮನೇಲಿ ಮಾಡಿದ್ದು," ಅಂದ. ಲಾಸ್ಯಳೂ ತಲೆಯಾಡಿಸಿದಳು.

ಮನೆಯಲ್ಲಿ ಮಾಡಿದ್ದಂತೆ! ಅವನು ದಿನಾ ತಿನ್ನುವ ಅನ್ನ ಯಾವ ಕಾರ್ಖಾನೆಯಲ್ಲಿ ಮಾಡಿದ್ದು?

ಕತೆ ಅವನೇ ನಡೆಸಿದ. ಆಟದಲ್ಲಿ ಹಿಮದ ಮೇಲೆ ನಡೆದೆವು. ಎಷ್ಟು ಚಳಿ ಅಂತ ಲಾಸ್ಯ ಕೇಳಿದರೆ ಮಹಾಶಯ ಪುಟ ತಿರುಗಿಸುತ್ತಾನೆ. ಫ್ರಿಜ್ಜಿನ ಐಸು ಬಿಟ್ಟು ಬೇರೆ ಹಿಮ ಕಂಡವನಲ್ಲ. ನನ್ನ ಲೋಕದ ಬಿಸಿಲಿಗೆ ಇವನ ಮಾಂತ್ರಿಕ ಹೊಂಗೆ ಮರದ ಕೆಳಗೆ ಕೂತು ನೀರು ನೀರು ಅಂದಾಗ ಯಾವ ಪುಟ ಬೇಕಿತ್ತು?

ನಾನು ಹೊರಟಾಗ ಗೇಟಿನ ತನಕ ಓಡಿಬಂದ.

"ಏಯ್, ನಿನ್ ಕತೇಲಿ ಆ ಕಲ್ಲಿನ ಬಾಗಿಲಿತ್ತಲ್ಲ, ಅದರ ಹಿಂದೆ ಏನಿತ್ತು? ಅದೊಂದ್ ಹೇಳ್ಬುಡು."

ಒಂದು ವರ್ಷ ಒದ್ದಾಡಿದರೂ ಅವರಿಂದ ತೆಗೆಯಲಾಗದ ಬಾಗಿಲು.

"ನಿನ್ ಪುಸ್ತಕದಲ್ಲೇ ಹುಡುಕ್ಕೋ," ಅಂದು ಬಂದೆ.

ನಿಜ ಹೇಳಬೇಕೆಂದರೆ ಅಲ್ಲೇನಿದೆ ಅಂತ ನಾನೂ ಯೋಚಿಸಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಎಷ್ಟು ಚೆನ್ನಾಗಿದೆ ಅಂದರೆ, ರಸ್ತೆಯಲ್ಲಿ ಒಬ್ಬಳೇ ನಕ್ಕುಬಿಟ್ಟೆ. ಅವನಿಗಂತೂ ಸತ್ತರೂ ಹೇಳುವುದಿಲ್ಲ. ಲಾಸ್ಯಳಿಗೆ ಹೇಳಿದರೆ ಅವಳು ಅವನಿಗೆ ಹೇಳುತ್ತಾಳೆ. ಅವರಿಬ್ಬರನ್ನು ಬಿಟ್ಟರೆ ಇನ್ನು ಯಾರಿಗೆ ತಾನೇ ಹೇಳಲಿ?