ಬೀಗದ ಕಿಂಡಿಯಷ್ಟು ದಾಸವಾಳ

ಜೂನ್ 11

ನರ್ಸರಿಗೆ ಹೊರಡುವ ಮೊದಲು ಕುಂಡಗಳಿಗೆ ನೀರು. ದಾಸವಾಳದ ಹನ್ನೊಂದು ಬೀಜದಲ್ಲಿ ಮೊಳೆತದ್ದು ನಾಲ್ಕು, ಉಳಿದದ್ದು ಒಂದು. ಅದರ ಬುಡವೂ ಇವತ್ತು ಮೆತ್ತಗಾಗಿದೆ. ಕೊಳೆಯುತ್ತಿದೆ.

ಮಾವನಿಗೆ ಹೇಳದೆ ವಿಧಿಯಿಲ್ಲ. ಅದೇ ನರ್ಸರಿಯಲ್ಲಿ ನಲವತ್ತು ವರ್ಷ ಕಸಿ ಕಟ್ಟಿದವರು — ಎಲ್ಲ ಬೇರೆಯವರ ಹೂವಿನ ನಕಲು. ಸ್ವಂತದ್ದು ಅಂತ ಮಾಡಿದ್ದು ಇದೊಂದೇ. ಹಳದಿ ಹೂವಿಗೆ ಬಿಳಿಯದರ ಪರಾಗ ಸವರಿ, ಕಾಯಿ ಬಲಿಯುವವರೆಗೆ ಕಾದು... ಈಗ ಅವರ ಕಣ್ಣಿನ ನರ ಒಣಗುತ್ತಿದೆ. ಬೀಗದ ಕಿಂಡಿಯಲ್ಲಿ ಕಂಡಷ್ಟೇ ಕಾಣುತ್ತದಂತೆ. ಅದೂ ವರ್ಷದೊಳಗೆ ಮುಚ್ಚಬಹುದು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಹೂ ಬರಬೇಕು.

ಮಾವ ಬುಡ ಮುಟ್ಟಿ ನೋಡಿದರು. "ತುದಿ ಕತ್ತರಿಸಮ್ಮ. ಬಚ್ಚಲ ಹಿಂದಿನ ಕೆಂಪು ಗಿಡಕ್ಕೆ ಕಟ್ಟು. ಅದರ ಬೇರು ಗಟ್ಟಿ."

ಕೆಂಪು ದಾಸವಾಳ ಅತ್ತೆಯದು. ಭಾನುವಾರ ಅದರ ಎಲೆ ಅರೆದು ತಲೆಗೆ ಹಚ್ಚುತ್ತಾರೆ.

"ನನ್ನ ಗಿಡದ ತಲೆ ಕಡೀತೀರಾ?"

"ಒಂದೇ ಕೊಂಬೆ ಕಣೇ."

"ನಿಮ್ಮ ಒಂದೇ ನನಗ್ಗೊತ್ತಿಲ್ವಾ!"

ಬೆರಳುದ್ದದ ತುದಿ. ದಿನಕ್ಕೆ ನೂರು ಕಸಿ ಕಟ್ಟುವವಳು ನಾನು, ಇವತ್ತು ಒಂದಕ್ಕೇ ಅರ್ಧ ಗಂಟೆ ಹಿಡಿಯಿತು. ಸೀಳಿ, ಕೂರಿಸಿ, ಟೇಪು ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರು. ಕುಂಡದಲ್ಲಿ ಉಳಿದದ್ದು ಸಂಜೆಗೇ ಬಾಡಿತು.

ಜುಲೈ 4

ಕವರಿನೊಳಗೆ ಹೊಸ ಎಲೆ. ಇಲಿಕಿವಿಯಷ್ಟು. ಕಸಿ ಹತ್ತಿದೆ! ಯಾರದೋ ಬೇರು, ಯಾರದೋ ತುದಿಗೆ ಅನ್ನ ಹಾಕುತ್ತಿದೆ. ಹದಿನೈದು ವರ್ಷದಿಂದ ಇದೇ ಕೆಲಸ. ಆದರೂ ಮೈ ಜುಮ್ಮೆಂದಿತು.

ಡಿಸೆಂಬರ್ 14, ಭಾನುವಾರ

ಮೊದಲ ಮೊಗ್ಗು ಬಂದಿತ್ತು. ನಿನ್ನೆ ಕಡಲೆಕಾಯಿಯಷ್ಟಿತ್ತು. ಇವತ್ತು ಇಲ್ಲ.

ಅತ್ತೆ ಅರೆದ ಎಲೆಯ ಬಟ್ಟಲಲ್ಲಿದೆ. ಬೆಳಗಿನ ಮಬ್ಬಿನಲ್ಲಿ, ಅಭ್ಯಾಸಬಲ — ಎಲೆಯ ಜೊತೆ ಕೈಗೆ ಸಿಕ್ಕ ಮೊಗ್ಗನ್ನೂ ಕಿತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಆದರೆ ಅತ್ತೆ ಇವತ್ತು ತಲೆಗೆ ಹಚ್ಚಲಿಲ್ಲ. ಬಟ್ಟಲು ಹಿಡಿದು ಬಚ್ಚಲ ಮೆಟ್ಟಿಲ ಮೇಲೆ ಕೂತೇ ಇದ್ದರು.

"ಬಿಡೇ, ಇನ್ನೊಂದು ಬರುತ್ತೆ" ಅಂದರು ಮಾವ. ಆಮೇಲೆ ನನಗೆ ಮಾತ್ರ, ಮೆಲ್ಲಗೆ — "ಕಿಂಡಿ ಚಿಕ್ಕದಾಗ್ತಿದೆ ಕಣಮ್ಮ."

ಜನವರಿ 25

ಮತ್ತೊಂದು ಮೊಗ್ಗು. ಒಂದೇ. ಅತ್ತೆಗೆ ಈಗ ಅಂಗಡಿ ಶಾಂಪೂ.

ಫೆಬ್ರವರಿ 2, ಬೆಳಿಗ್ಗೆ 6:20

ಮೊಗ್ಗಿನ ಸುರುಳಿ ಬಿಚ್ಚುತ್ತಿದೆ. ನರ್ಸರಿಗೆ ಫೋನು ಮಾಡಿ ರಜೆ. ಅತ್ತೆ ಐದಕ್ಕೇ ಸ್ಟೂಲು ಹಾಕಿ ಕಾವಲು ಕೂತಿದ್ದಾರೆ. ನನ್ನನ್ನೂ ಹತ್ತಿರ ಬಿಡುವುದಿಲ್ಲ!

7:40

ಅರಳಿತು. ಅಂಗೈಗಿಂತ ದೊಡ್ಡದು. ಅಂಚು ಬೆಣ್ಣೆ ಬಣ್ಣ. ಒಳಗೆ ಹೋದಂತೆ ಬೂದು ಬೆರೆತ ನೇರಳೆ. ನಡುವೆ ಕೆಂಡ. ಹಳದಿಗೂ ಬಿಳಿಗೂ ಹುಟ್ಟಿದ್ದಕ್ಕೆ ಈ ನೇರಳೆ ಎಲ್ಲಿತ್ತು? ಆ ಕರಿ ಬೀಜದೊಳಗೆ, ಕಾಳುಮೆಣಸಿಗಿಂತ ಚಿಕ್ಕದರೊಳಗೆ...

8:50

ಮಾವ ಇನ್ನೂ ಅಲ್ಲೇ. ತಲೆಯನ್ನು ಇಷ್ಟಿಷ್ಟೇ ಸರಿಸುತ್ತ, ಒಂದು ಎಸಳಿಗೆ ಹತ್ತು ನಿಮಿಷ.

"ಕಂತಿನಲ್ಲಿ ನೋಡ್ತಿದೀನಿ. ಅವಸರ ಮಾಡಬೇಡಿ."

ನಾನು ಒಂದೇ ನೋಟಕ್ಕೆ ನೋಡಿ ಮುಗಿಸಿದ್ದೆ. ಅವರ ಭುಜದ ಹಿಂದೆ ನಿಂತು ಮತ್ತೆ ಮೊದಲಿನಿಂದ ನೋಡಿದೆ. ಎಸಳಿನ ಒಂದೊಂದು ನರಕ್ಕೂ ಬೇರೆ ಬೇರೆ ಬಣ್ಣ. ಎಷ್ಟು ಹೂ ಹೀಗೆ ನೋಡದೆ ಬಿಟ್ಟುಬಿಟ್ಟೆನೋ.

"ಎಲ್ಲೂ ನೋಡಿಲ್ಲಮ್ಮ ಇಂಥದ್ದು." ಮಾವ ಕಣ್ಣೊರೆಸಿಕೊಂಡರು. ನಾನೂ.

ಅತ್ತೆ ಸ್ಟೂಲಿನಿಂದಲೇ — "ನಡುವಿನ ಕೆಂಪು ನನ್ನ ಗಿಡದ್ದು."

"ಬೇರು ಬಣ್ಣ ಕೊಡಲ್ಲ ಕಣೇ" ಅಂದರು ಮಾವ. ಮತ್ತೆ ಹೂವಿನತ್ತ ಬಾಗಿ, "ಕೊಟ್ಟಿದ್ರೂ ಕೊಟ್ಟಿರಬಹುದು."

4:15

ಗಿಡಕ್ಕೆ ಕಟ್ಟುವ ಚೀಟಿ ಬರೆಯಲು ಕೂತಿದ್ದೇನೆ. ತಾಯಿ: ಹಳದಿ. ತಂದೆ: ಬಿಳಿ. ನಮ್ಮ ಕಸುಬಿನಲ್ಲಿ ಬೇರಿನ ಗಿಡವನ್ನು ಯಾರೂ ಬರೆಯುವುದಿಲ್ಲ. ಮಾವ ಬಿಡಲಿಲ್ಲ.

"ಬರಿ. ಬೇರು: ಬಚ್ಚಲ ಹಿಂದಿನ ಕೆಂಪು. ನಿಮ್ಮತ್ತೆಯದು."

ಸಂಜೆಗೆ ಮುದುಡುವ ಹೂ. ಬೇಗ ಕಟ್ಟಬೇಕು. 'ಬೇರು' ಎಂದು ಬರೆಯುವಷ್ಟರಲ್ಲಿ ಅತ್ತೆಯ ಕೂಗು — ಹೂ ಬಣ್ಣ ಬದಲಾಯಿಸ್ತಿದೆ, ಬೇಗ ಬಾರೇ, ಇವರನ್ನೂ ಕರ್ಕೊಂಡು! ಹೊರಟೆವು, ಚೀಟಿ ಆಮೇಲೆ.