ಗಿಟಾರಿಗೆ ಅಪ್ಪ ಹೊಡೆದ ಬಣ್ಣ

ಮನೆ, ಹಿಂದಿನ ಬಾಲ್ಕನಿ
ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕಾ,

ಕೆಮ್ಮು ನಿಂತಿತಾ? ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತಾ? ಇಲ್ಲಿ ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಗೊಣಗಾಟವೂ.

ಅಪ್ಪ ಕಣ್ಣಿನ ಆಪರೇಷನ್ ಬೇಡವೆಂದು ಆಸ್ಪತ್ರೆಗೆ ಹೇಳಿಬಿಟ್ಟಿದ್ದಾರೆ. ನನಗೆ ತಿಳಿಸಿದ್ದು ಅಮ್ಮ, ನಿನ್ನೆ ಬಟ್ಟೆ ಮಡಚುತ್ತಾ. ಕಾರಣ ಅವಳಿಗೆ ಗೊತ್ತಿಲ್ಲ. ಕಾರಣ ನಾನು. ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ.

ನೀನು ತಂದ ಗಿಟಾರ್ ಬಾಡಿ ಬರೀ ಮರ, ಬಣ್ಣವನ್ನೇ ಕಂಡಿರಲಿಲ್ಲ. "ಗ್ಯಾರೇಜಲ್ಲಿ ಊರವರ ಕಾರಿಗೆಲ್ಲ ಬಣ್ಣ ಹೊಡ್ದಿದೀರ, ಇದಕ್ಕೂ ನೀವೇ ಹೊಡೀಬೇಕು ಅಪ್ಪಾ" ಎಂದು ಅದನ್ನು ಅವರ ತೊಡೆಯ ಮೇಲಿಟ್ಟು ಹೋದೆಯಲ್ಲ, ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಎಮರಿ ಪೇಪರಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಿ ಬಣ್ಣಕ್ಕೆ ಮೊದಲು ಬಿಳಿ ಪ್ರೈಮರ್ ಹೊಡೆದರು. ಗಿಟಾರಿನ ಉದ್ದನೆಯ ಕುತ್ತಿಗೆ ಕೂರುವ ಗುಂಡಿಯೊಳಗೆ ಬಣ್ಣ ಹೋದರೆ ಆಮೇಲೆ ಕುತ್ತಿಗೆ ಕೂರುವುದಿಲ್ಲವೆಂದು ಅಲ್ಲಿಗೆ ಟೇಪು ಅಂಟಿಸಿದರು. ಬಟ್ಟೆ ಒಣಹಾಕುವ ಕೊಕ್ಕೆಗೆ ತೂಗುಹಾಕಿ ಹಿಂದೆ ಮುಂದೆ ನೋಡುತ್ತಾ ನಿಂತರೆ ಅಮ್ಮ ಅಡುಗೆಮನೆಯಿಂದಲೇ, "ನನ್ನ ಮುಖಾನೂ ಇಷ್ಟು ಹೊತ್ತು ನೋಡಿಲ್ಲ ಇವ್ರು" ಎನ್ನುತ್ತಿದ್ದಳು.

ಮೊದಲ ಕೆಂಪು ಕೋಟ್ ಕೆಟ್ಟಿತ್ತು. ಒಂದು ಅಂಚಿನಲ್ಲಿ ಬಣ್ಣ ಮೇಣದ ಹಾಗೆ ಕೆಳಗಿಳಿದಿತ್ತು. ಇನ್ನೊಂದು ಕಡೆ ಅಂಗೈಯಗಲ ಪ್ರೈಮರ್ ಹಾಗೇ ಉಳಿದಿತ್ತು. ಅಪ್ಪನಿಗೆ ಎರಡೂ ಕಾಣಲಿಲ್ಲ. ಹೇಗಿದೆ ಎಂದು ಕೇಳಿದರು, ಚೆನ್ನಾಗಿದೆ ಎಂದೆ. ಮರುದಿನ ಅವರು ವಾಕಿಂಗ್ ಹೋದಾಗ ಇಳಿದದ್ದನ್ನು ಉಜ್ಜಿ, ಬಿಟ್ಟುಹೋದಲ್ಲಿ ತೆಳುವಾಗಿ ಹೊಡೆದೆ. ಚಿಕ್ಕಂದಿನಲ್ಲಿ ಗ್ಯಾರೇಜಿನಲ್ಲಿ ಅವರಿಗೆ ಲೈಟು ಹಿಡಿದು ನಿಂತು ಕಲಿತ ಕೆಲಸವೇ. ಒಣಗಿದ ಮೇಲೆ ಅಪ್ಪ ಬೆರಳಾಡಿಸಿ ನೋಡಿದರು, ಎಲ್ಲೂ ತಡೆಯಲಿಲ್ಲ. ಆಗಿನ ಅವರ ಮುಖ ನೀನು ನೋಡಬೇಕಿತ್ತು. ಮುಂದಿನ ಎರಡು ಕೋಟ್‌ಗೂ ಹಾಗೇ ಮಾಡಿದೆ.

ಮೊನ್ನೆ ಆಪರೇಷನ್ ಮಾತೆತ್ತಿದರೆ ಬಾಡಿಯನ್ನು ಕೊಕ್ಕೆಯಿಂದಿಳಿಸಿ ನನ್ನ ಕೈಗೇ ಕೊಟ್ಟರು. "ನೋಡು, ಕಣ್ಣು ಕಾಣದವನು ಹೊಡೆಯೋ ಬಣ್ಣಾನಾ ಇದು? ಡಾಕ್ಟರಿಗೇ ತೋರಿಸ್ಬೇಕು." ನಾನು ತಲೆ ತಗ್ಗಿಸಿದೆ. ಅದನ್ನು ಒಪ್ಪಿಗೆ ಅಂದುಕೊಂಡರು. ತಡಮಾಡಿದರೆ ಈಗಿರುವ ನೋಟವೂ ಹೋಗುತ್ತದೆಂದು ಡಾಕ್ಟರ್ ಅಪ್ಪನ ಮತ್ತು ನನ್ನ ಎದುರೇ ಹೇಳಿದ್ದರು. ಅಪ್ಪನಿಗೋಸ್ಕರ ಮಾಡಿದೆ ಎಂದುಕೊಂಡಿದ್ದೆ. ಅವರ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ನಿನ್ನ ಗಿಟಾರ್ ನೀನು ಅಂದುಕೊಂಡ ಹಾಗೆ ಬರಲಿಕ್ಕಿಲ್ಲ. ಬೈಯುವುದಿದ್ದರೆ ನನಗೆ ಬೈ, ಅವರಿಗೆ ಬೇಡ. ಬಿಸಿನೀರೇ ಕುಡಿ. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಕೆಂಪು ಬಣ್ಣ ನೋಡಿದರೆ ನೀನು ಕುಣಿದಾಡುತ್ತೀಯೆಂದು ಅಪ್ಪ ಹೇಳುತ್ತಲೇ ಇರುತ್ತಾರೆ.

ಇತಿ ನಿನ್ನ ತಂಗಿ,
ವಟವಟ

ಮುಖ್ಯವಾದದ್ದೇ ಉಳಿಯಿತು: ಕೊನೆಯ ವಾರ್ನಿಷ್ ಕೋಟನ್ನು ಅಪ್ಪ ಇವತ್ತು ಬೆಳಗ್ಗೆ ಹೊಡೆದರು. ಮೂರು ಕಡೆ ಇಳಿದಿದೆ. ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಮಂಗಳವಾರ ಅದು ಒಣಗಿ ಅವರು ಬೆರಳಾಡಿಸುವಾಗ ಪಕ್ಕದಲ್ಲಿ ನಿಂತು ಹಿಂದಿನ ಕೋಟುಗಳ ವಿಷಯವನ್ನೂ ಹೇಳುತ್ತೇನೆ. ಆಸ್ಪತ್ರೆಗೆ ಫೋನ್ ಮಾಡಿ ಅವರ ಹೆಸರನ್ನು ಮತ್ತೆ ಬರೆಸಿದ್ದೇನೆ. ಗುರುವಾರ ಹತ್ತು ಗಂಟೆಗೆ ಬರಲು ಹೇಳಿದ್ದಾರೆ.